ಶಕೀಲಾ ಆಪಾ ಮತ್ತು ತುರಚಿ ತಪ್ಪಲ

ಹಾವೇರಿಯ ನಮ್ಮ ಹಿತ್ತಲಲ್ಲಿ ಇವತ್ತು ಬೆಳಿಗ್ಗೆ ಕಸ ಕೀಳುವಾಗ ತುರಚಿ ಗಿಡ ಮುಂಗೈಗೆ ತಾಗಿತು. ಮುಟ್ಟಿದರೆ ಉರಿ ಹತ್ತುವ ಆ ಗಿಡ ನಿಮಗೂ ಗೊತ್ತಿರಬಹುದು. ಕೆರೆಯಬಾರದೆಂದು ಊರಿಗೆಲ್ಲ ಹೇಳುವವಳು ನಾನು, ಚೆನ್ನಾಗಿ ಕೆರೆದುಕೊಂಡೆ. ಉರಿ ಹೆಚ್ಚಿತು, ಜೊತೆಗೆ ಹಳೆಯದೊಂದು ಸಿಟ್ಟೂ.

ಮೊದಲು ನಾವು ರಾಣೆಬೆನ್ನೂರಿನಲ್ಲಿದ್ದಾಗ ಪಕ್ಕದ ಮನೆಯವರು ಶಕೀಲಾ ಆಪಾ. ಬಟ್ಟೆ ಹೊಲಿಯುತ್ತಿದ್ದರು, ಅವರ ನಗು ಹೊಲಿಗೆ ಮಷೀನಿನ ಸದ್ದನ್ನೂ ಮೀರಿ ಕೇಳಿಸುತ್ತಿತ್ತು. ಹಿಂದಿನ ಖಾಲಿ ಪ್ಲಾಟಿನ ಬೇಲಿಗುಂಟ ತುರಚಿ ಬೆಳೆದಿತ್ತು. ಕೈಗೆ ಅರಿವೆ ಸುತ್ತಿಕೊಂಡು ಎಳೆ ಎಲೆ, ನಮ್ಮ ಮಾತಲ್ಲಿ ತಪ್ಪಲ, ಕಿತ್ತು ಕುದಿಯುವ ನೀರಿಗೆ ಹಾಕುತ್ತಿದ್ದರು. ಚುಚ್ಚುವ ಗುಣವೆಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆಮೇಲೆ ತೊಗರಿಬೇಳೆ, ಬೆಳ್ಳುಳ್ಳಿ ಒಗ್ಗರಣೆ. ರೊಟ್ಟಿಯೊಂದಿಗೆ ನಾನು ತಿನ್ನುವ ಪರಿ ನೋಡಿ ಅವ್ವ ನಾಚಿಕೊಳ್ಳುತ್ತಿದ್ದಳು.

ಒಂದು ದಿನ ಪ್ಲಾಟಿನ ಮಾಲಕ ಬೇಲಿಗೆಲ್ಲ ಕಳೆನಾಶಕ ಹೊಡೆಸಿದ. ಯಾರಿಗೂ ಹೇಳಲಿಲ್ಲ. ಸಂಜೆಗೂ ಎಲೆ ಹಸಿರಾಗಿಯೇ ಇತ್ತು. ಆಪಾ ಕಿತ್ತು ತಂದು ಪಲ್ಯ ಮಾಡಿದರು. ತವರಿಗೆ ಬಂದಿದ್ದ ಬಸುರಿ ಮಗಳು ರುಬೀನಾಳೂ ಉಂಡಳು. ಉಂಡ ಸ್ವಲ್ಪ ಹೊತ್ತಿಗೆ ಇಬ್ಬರಿಗೂ ವಾಂತಿ. ದವಾಖಾನೆಯಲ್ಲಿ ರುಬೀನಾ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. "ಕೂಸು ಅಲುಗಾಡವಲ್ದು, ಅಕ್ಕಾ" ಎಂದು ನನ್ನನ್ನೇ ನೋಡುತ್ತಿದ್ದಳು. ಮರುದಿನ ಕೂಸು ಅಲುಗಾಡಿತು. ಅಷ್ಟರಲ್ಲಿ ಬೇಲಿ ಬಾಡಿತ್ತು, ಕಾರಣ ತಿಳಿಯಿತು.

ಆಪಾ ಜೊತೆ ನಾನೂ ಮಾಲಕನ ಮನೆಗೆ ಹೋದೆ. ಆತ ಚಹಾ ಕುಡಿಯುತ್ತಿದ್ದ.

"ಬೇಲ್ಯಾಗಿನ ಕಸ ಯಾರರ ತಿಂತಾರೇನ್ರಿ? ಈಗೇನಾತು, ಎಲ್ಲಾರೂ ಆರಾಮ ಅದೀರಲ್ಲ!"

ಆಪಾ ಚೀಲದಿಂದ ಬಾಡಿದ ಎಲೆಗಳನ್ನು ತೆಗೆದು ಅವನ ಕಪ್ಪಿನ ಪಕ್ಕ ಸುರಿದರು.

"ಏನೂ ಆಗಂಗಿಲ್ಲಂದ್ರ ನೀವ ಉಣ್ರಿ. ನಿಮ್ಮ ಮಗಳಿಗೂ ಉಣ್ಣಸ್ರಿ."

"ಹೊರಗ ನಡೀರಿ ಮೊದಲ!" ಎಂದು ಆತ ಕೂಗಿದ. ತಪ್ಪಾಯಿತೆಂಬ ಮಾತು ಬರಲೇ ಇಲ್ಲ. ಓಣಿಯವರು ಬಂದು ಆಪಾಗೇ ಸಮಾಧಾನ ಹೇಳಿದರು, ಅವನಿಗೆ ಯಾರೂ ಏನೂ ಹೇಳಲಿಲ್ಲ. ಆಪಾ ಮತ್ತೆಂದೂ ಆ ತಪ್ಪಲ ಒಲೆಗೆ ಏರಿಸಲಿಲ್ಲ.

ಈಗ ಅವರು ಬ್ಯಾಡಗಿಯಲ್ಲಿ, ಮಗಳ ಬಳಿ ಇದ್ದಾರೆ. ಮಧ್ಯಾಹ್ನ ಫೋನ್ ಮಾಡಿದೆ.

"ಆಪಾ, ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಯಾಕ ಹೋಗಬೇಕು ಬೇಟಾ? ಅಂವಾ ತಪ್ಪಾತು ಅಂದಾನೇನು?"

ಇಷ್ಟು ವರ್ಷ ಈ ಸಿಟ್ಟನ್ನು ನನ್ನ ಸಣ್ಣತನವೆಂದುಕೊಂಡು, ಆತ ಎದುರಾದಾಗಲೆಲ್ಲ ನಗುತ್ತ ನಮಸ್ಕಾರ ಮಾಡುತ್ತಿದ್ದೆ. ಮುಂದಿನ ವಾರ ರಾಣೆಬೆನ್ನೂರಿನ ಅದೇ ಓಣಿಗೆ ಮದುವೆಗೆ ಹೋಗಬೇಕಿದೆ. ಆತನೂ ಬರುತ್ತಾನೆ. ಈ ಸಲ ನಮಸ್ಕಾರವಿಲ್ಲ. ಎಲ್ಲರೂ ಊಟಕ್ಕೆ ಕುಳಿತಾಗ ಎದುರು ನಿಂತು ಕೇಳುತ್ತೇನೆ: "ತಪ್ಪಾತು ಅನ್ನಾಕ ಇನ್ನೂ ಎಷ್ಟು ವರ್ಷ ಬೇಕ್ರಿ ನಿಮಗ?"