ಕೇಜಿನಲ್ಲಿ ಗ್ರಹಕ್ಕೆ ಹೋದವರು

ಮತ್ತೆ ಮತ್ತೆ ಓದಬೇಕಾದ ವೈಜ್ಞಾನಿಕ ಕಾದಂಬರಿ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಬರುವುದು ಉತ್ತರವಲ್ಲ, ಸಿಟ್ಟು. ಕೇಳುವವರಿಗೆಲ್ಲ ಯಂತ್ರದ ಮೇಲೇ ಕಣ್ಣು. ರಾಕೆಟ್ಟು ಎಷ್ಟು ವೇಗ ಹೋಯಿತು, ಬಂದೂಕಿನಿಂದ ಯಾವ ಬಣ್ಣದ ಕಿರಣ ಬಂತು, ಇಷ್ಟೇ. ಅಂಥವನ್ನು ನಾನೂ ಓದಿದ್ದೇನೆ. ಮನುಷ್ಯನನ್ನು ಇರುವೆಯಷ್ಟು ಚಿಕ್ಕದು ಮಾಡುವ ಪುಡಿ ಕಂಡುಹಿಡಿದವನ ಕತೆ ಒಂದಿತ್ತು. ಗೀರಿದ ಬೆಂಕಿಕಡ್ಡಿ ಅದು, ಎರಡನೇ ಸಲ ಹತ್ತುವುದಿಲ್ಲ. ನಕ್ಷತ್ರವೊಂದರಿಂದ ಬಂದ ಸಂದೇಶವನ್ನು ಬಿಡಿಸಿ ಓದುವಷ್ಟರಲ್ಲಿ ಅದನ್ನು ಕಳಿಸಿದವರ ಕುಲವೇ ಅಳಿದುಹೋಗಿರುವ ಇನ್ನೊಂದು ಕತೆಯನ್ನು ಅರವತ್ತರ ದಶಕದಲ್ಲಿ ಬಂಗಾರಪೇಟೆಯ ವಾಚನಾಲಯದಲ್ಲಿ ಓದಿದೆ. ಅದು ಬೇರೆ ಮಾತು. ಮೂರು ಸಲ ಓದಿದೆ, ಮೂರು ಸಲವೂ ಮೈ ಜುಮ್ಮೆಂದಿತು.

ಆದರೆ ಲೆಕ್ಕ ತಪ್ಪುವಷ್ಟು ಸಲ ಓದಿದ್ದು ಒಂದೇ ಪುಸ್ತಕ. ಅದರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ನನ್ನ ಕೈಗೆ ಬರುವ ಹೊತ್ತಿಗೆ ಅದರ ಮೊದಲ ಹಾಳೆಗಳಲ್ಲಿ ಕಡಲೆಕಾಯಿಯವಳು ಪೊಟ್ಟಣ ಕಟ್ಟಿ ಮಾರಿ ಮುಗಿಸಿದ್ದಳು. ಚಿನ್ನದ ಗಣಿಯ ಬಿಳಿ ಅಧಿಕಾರಿಗಳು ಒಬ್ಬೊಬ್ಬರೇ ತಮ್ಮ ದೇಶಕ್ಕೆ ಹೊರಟ ಕಾಲ ಅದು. ಬಂಗಲೆಗಳ ಸಾಮಾನು ಹರಾಜಾಯಿತು. ಕುರ್ಚಿ ಮೇಜು ದೊಡ್ಡವರ ಮನೆ ಸೇರಿದವು, ಪುಸ್ತಕಗಳು ರದ್ದಿಯಾಗಿ ಬಂಗಾರಪೇಟೆ ಸ್ಟೇಷನ್ ಮುಂದಿನ ಕಡಲೆಕಾಯಿ ಗುಡ್ಡೆಯ ಪಕ್ಕ ಬಂದು ಕೂತವು. ಹೈಸ್ಕೂಲಿನಲ್ಲಿದ್ದ ನಾನು ಕಾಡಿ ಬೇಡಿ ಉಳಿದ ಹಾಳೆಗಳನ್ನು ಮನೆಗೆ ತಂದೆ.

ನಮ್ಮ ಮನೆ ಬಂಗಾರಪೇಟೆಯಲ್ಲಿ. ಅಪ್ಪನಿಗೆ ಚಾಂಪಿಯನ್ ರೀಫ್ಸಿನ ಗಣಿಯಲ್ಲಿ ಕೆಲಸ. ರೈಲಿನಲ್ಲಿ ಹೋಗುತ್ತಿದ್ದ, ರೈಲಿನಲ್ಲಿ ಬರುತ್ತಿದ್ದ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಗಣಿಯಿಂದ ಅಪ್ಪ ಮನೆಗೆ ತಂದ ಬಂಗಾರ ಅದೊಂದೇ. ಒಳಗಿನ ಮಾತು ಹೊಸ್ತಿಲು ದಾಟಬಾರದು ಎನ್ನುವುದು ಅವನ ಕಟ್ಟುನಿಟ್ಟು. ಭೂಮಿಯ ಕೆಳಗೆ ಏನಿದೆ, ಹೇಗಿದೆ, ಒಂದು ಮಾತೂ ಇಲ್ಲ.

ಆ ಮೌನಕ್ಕೆ ಒಂದು ಕಾರಣವಿತ್ತು, ಅದು ನಮಗೆಲ್ಲ ಗೊತ್ತಿತ್ತು. ಅಮ್ಮನ ತಮ್ಮನನ್ನು, ಅಂದರೆ ನನ್ನ ಮಾವನನ್ನು, ಬೂದಿಕೋಟೆ ಕಡೆಯ ಹಳ್ಳಿಯಿಂದ ಕರೆತಂದು ಗಣಿಗೆ ಸೇರಿಸಿದವನು ಅಪ್ಪನೇ. ನಾನು ಚಿಕ್ಕವಳಿದ್ದಾಗ ಒಂದು ದಿನ ಒಳಗೆ ಕಲ್ಲು ಸಿಡಿಯಿತು. ಇಬ್ಬರೂ ಒಂದೇ ಶಿಫ್ಟಿನಲ್ಲಿ ಇಳಿದಿದ್ದರು, ಅಪ್ಪ ಒಬ್ಬನೇ ಬಂದ. ಹೇಗಾಯಿತು ಎಂದು ಅಮ್ಮ ಕೇಳಿದಾಗಲೆಲ್ಲ ಅಪ್ಪನ ಉತ್ತರ ಒಂದೇ: "ಕಲ್ಲು ಬಿತ್ತು." ಅಮ್ಮ ಕೇಳುವುದನ್ನು ಬಿಟ್ಟಳು. ಕೇಳುವುದನ್ನು ಬಿಟ್ಟ ಮೇಲೆ ಅವನೊಡನೆ ಬೇರೆ ಮಾತೂ ಕಡಿಮೆಯಾಯಿತು. ಬಂದವರ ಎದುರು ಒಮ್ಮೊಮ್ಮೆ ಅನ್ನುತ್ತಿದ್ದಳು, "ಇಬ್ರಾಗಿ ಇಳುದ್ರು, ಒಬ್ರಾಗಿ ಬಂದ್ರು" ಎಂದು. ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. ವಾರವೆಲ್ಲ ನಿಘಂಟು ಇಟ್ಟುಕೊಂಡು ಕೆಲವು ಪುಟ ಬಿಡಿಸಿ ನೋಟ್‌ಬುಕ್ಕಿನಲ್ಲಿ ಕನ್ನಡ ಮಾಡಿಕೊಳ್ಳುತ್ತಿದ್ದೆ. ಭಾನುವಾರ ಎಣ್ಣೆನೀರು ಮುಗಿಸಿ ಜಗಲಿಯಲ್ಲಿ ಕೂತ ಅಪ್ಪನಿಗೆ ಅದನ್ನು ಓದಿ ಹೇಳುವುದು. ಅವನಿಗೆ ಓದು ಬಾರದು, ಕತೆ ಎಂದರೆ ಪ್ರಾಣ. ನಾಲ್ಕು ಜನ ಒಂದು ಕಬ್ಬಿಣದ ಕೋಣೆಯಲ್ಲಿ ನಿಂತು ಬಾಗಿಲು ಭದ್ರ ಮಾಡಿಕೊಂಡು ಬಹುದೂರ ಹೋಗುವುದರಿಂದ ಕತೆ ಶುರು. ಆ ಕೋಣೆಗೆ ಏನನ್ನಬೇಕೋ ತಿಳಿಯಲಿಲ್ಲ. ಹಡಗು ಎಂದು ಬರೆದರೆ ಹಡಗನ್ನು ನಮ್ಮಲ್ಲಿ ಕಂಡವರು ಯಾರು? ಗಣಿಯಲ್ಲಿ ಜನರನ್ನು ಇಳಿಸುವ, ಏರಿಸುವ ಕಬ್ಬಿಣದ ಪೆಟ್ಟಿಗೆಗೆ ಕೇಜು ಎಂದೇ ಹೆಸರು. ನಾನು ಕೇಜು ಎಂದು ಬರೆದೆ.

ಅಪ್ಪ ಮೈಯೆಲ್ಲ ಕಿವಿಯಾಗಿ ಕೇಳಿದ. ಒಂದು ಅಧ್ಯಾಯ ಮುಗಿದ ಮೇಲೆ ಕೇಳಿದ, "ಎಷ್ಟು ಅಡಿ ಇಳುದ್ರು?"

"ಇಳೀತಿಲ್ಲ ಕಣಪ್ಪಾ, ಮೇಲಕ್ಕೆ ಓಗ್ತಾ ಅವ್ರೆ."

"ಮೇಲಕ್ಕಾ? ಆಗ್ಲೇ ಶಿಫ್ಟ್ ಮುಗೀತಾ?"

ನಾನು ಬಿದ್ದು ಬಿದ್ದು ನಕ್ಕೆ. ನಗು ನಿಂತ ಮೇಲೆ ಹೊಳೆಯಿತು: ಅಪ್ಪನ ಮಟ್ಟಿಗೆ ಮೇಲಕ್ಕೆ ಹೋಗುವುದೆಂದರೆ ಮನೆಗೆ ಬರುವುದು. ಬೇರೆ ಗ್ರಹಕ್ಕೆ ಹೊರಟಿದ್ದಾರೆ ಎಂದು ಬಿಡಿಸಿ ಹೇಳಿದೆ. ಆಗ ಅವನಿಗೆ ಇನ್ನೊಂದು ಚಿಂತೆ ಹತ್ತಿತು. ಕೇಜು ಏರಬೇಕಾದರೆ ಯಾರಾದರೂ ಹೊರಗೆ ನಿಂತು ತಂತಿ ಎಳೆದು ಗಂಟೆ ಹೊಡೆಯಬೇಕು, ಗಂಟೆ ಕೇಳಿದ ಮೇಲೆ ಮೇಲಿರುವ ಇಂಜಿನ್ನಿನವನು ಹಗ್ಗ ಸುತ್ತಬೇಕು. ಇವರ ಹಗ್ಗ ಯಾರ ಕೈಯಲ್ಲಿದೆ?

"ಅಗ್ಗ ಇಲ್ಲ."

"ಅಗ್ಗ ಇಲ್ದೆ?" ಅಪ್ಪ ತಲೆಯೆತ್ತಿ ಆಕಾಶ ನೋಡಿದ. "ಎಂಥಾ ಎದೆಗಾರ್ರು ಕಣಮ್ಮಾ ಅವ್ರು" ಎಂದ.

ರಷ್ಯಾದವರು ನಾಯಿಯನ್ನು ಮೇಲಕ್ಕೆ ಕಳಿಸಿದ ಸುದ್ದಿ ಬಂದು ಒಂದು ವರ್ಷವೋ ಎರಡು ವರ್ಷವೋ ಆಗಿತ್ತು. ಊರೆಲ್ಲ ಆಕಾಶ ನೋಡಿ ಬೆರಗಾಗುತ್ತಿತ್ತು. ನಾನು ಬೆರಗಾದದ್ದು ಅಪ್ಪನನ್ನು ನೋಡಿ. ಕಾಣದ ಯಾರದೋ ಕೈಯಲ್ಲಿರುವ ಹಗ್ಗವನ್ನು ನಂಬಿ ದಿನಾ ಪಾತಾಳಕ್ಕೆ ಇಳಿಯುವವನು ಪುಸ್ತಕದ ನಾಲ್ಕು ಜನರಿಗೆ ಕೈ ಮುಗಿಯುತ್ತಿದ್ದ.

ಆಮೇಲೆ ಅಪ್ಪ ಪುಸ್ತಕ ತಿದ್ದಲು ಶುರುಮಾಡಿದ. ಆ ಗ್ರಹದ ಮೇಲೆ ಒಂದು ದೊಡ್ಡ ಕಂದಕ. ಆ ನಾಲ್ವರು ಅದರೊಳಗೆ ಇಳಿಯುತ್ತಾರೆ, ಇಳಿದಷ್ಟೂ ಚಳಿ ಎಂದು ಬರೆದಿತ್ತು. "ಸುಳ್ಳು" ಎಂದ ಅಪ್ಪ. "ಒಳಕ್ಕೋದಷ್ಟೂ ಕಾವು. ಕಲ್ಲು ಮುಟ್ಟುದ್ರೆ ಅಂಗೈ ಚುರ್ ಅಂತದೆ." ಕಲ್ಲು ಒಡೆಯುವ ಮೊದಲು ಒಳಗೊಳಗೇ ಸಣ್ಣಗೆ ಮಾತಾಡಿಕೊಳ್ಳುತ್ತದೆ ಎಂದು ಇನ್ನೊಂದು ಕಡೆ ಬರೆದಿತ್ತು. ಅಲ್ಲಿ ಅಪ್ಪ ತಿದ್ದಲಿಲ್ಲ. ಮೆಲ್ಲಗೆ, "ಇದನ್ನ ಬರ್ದೋನು ಕೇಳವ್ನೆ" ಎಂದ. ಎಲ್ಲೋ ಯಾವುದೋ ದೇಶದಲ್ಲಿ ಕೂತು ಇಲ್ಲದ ಗ್ರಹದ ಬಗ್ಗೆ ಬರೆದವನು ನಮ್ಮಪ್ಪನಿಗೆ ಮಾತ್ರ ಗೊತ್ತಿದ್ದದ್ದನ್ನು ಹೇಗೆ ಬರೆದ? ನನಗೆ ಈಗಲೂ ಅರ್ಥವಾಗಿಲ್ಲ, ಅರ್ಥವಾಗುವುದೂ ಬೇಡ.

ಹೀಗೆ ಅಪ್ಪನ ಬಾಯಿಂದ ಒಳಗಿನ ಮಾತು ಒಂದೊಂದೇ ಬರತೊಡಗಿತು. ಇನ್ನೊಂದು ಮಾತು ಸಿಕ್ಕೀತು ಎನ್ನುವ ಆಸೆಗೆ ಓದಿದ ಪುಟಗಳನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಅಮ್ಮ ಹೊಸ್ತಿಲ ಒಳಗೆ ಕೂತು, ಕೇಳದವಳಂತೆ ಕೇಳುತ್ತಿದ್ದಳು.

ಅವರೆಕಾಯಿ ಕಾಲದ ಒಂದು ಭಾನುವಾರ ಆ ಪುಟ ಬಂತು. ಕೇಜು ಕೆಟ್ಟಿದೆ, ಇನ್ನು ಮೂರೇ ಜನರನ್ನು ಹೊರಬಲ್ಲದು, ಒಬ್ಬ ಅಲ್ಲೇ ಉಳಿಯಬೇಕು. ನಾಲ್ವರೂ ಗುಂಡಗೆ ಕೂತು ಚೀಟಿ ಎತ್ತುತ್ತಾರೆ.

"ಚೀಟಿ ಎತ್ತಲ್ಲ" ಎಂದ ಅಪ್ಪ.

ಪುಸ್ತಕದಲ್ಲಿ ಹಾಗೇ ಇದೆ ಎಂದೆ.

"ಇರ್ಬೋದು. ಚೀಟಿ ಎತ್ತೋಷ್ಟು ವೊತ್ತು ಯಾರ್ಗೂ ಇರಲ್ಲ. ತಂತಿಗೆ ಅತ್ರ ಇದ್ದೋನು ಉಳೀತಾನೆ." ನನ್ನ ಕಡೆ ನೋಡದೆ, ಹೊಸ್ತಿಲ ಕಡೆಯೂ ನೋಡದೆ ಹೇಳಿದ. "ಅವತ್ತು ಗಂಟೆ ವೊಡೆಯೋನು ಕಲ್ಲಿನಡಿ ಓಗ್ಬಿಟ್ಟಿದ್ದ. ಕೇಜಿನ ತುಂಬ ಜನ. ವೊರಗೆ ಒಬ್ರು ನಿಂತು ಎಳೀಬೇಕು. ಬಾಮೈದ ತಂತಿ ಇಡ್ಕಂಡ. 'ಬಾವಾ, ನೀನು ನಡಿ, ಮುಂದಿನ ಕೇಜಿಗೆ ಬತ್ತೀನಿ' ಅಂದ. ನಾವು ಮೇಲಕ್ಕೆ ಬರೋದ್ರೊಳ್ಗೆ ಇನ್ನೊಂದ್ಸಲ ಸಿಡೀತು."

ಹೊಸ್ತಿಲ ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅಮ್ಮನ ಕೈ ನಿಂತಿತ್ತು. ಅಲ್ಲಿಂದಲೇ ಕೇಳಿದಳು, "ಅವ್ನು ಎದ್ರುಕಂಡ್ನಾ?"

"ಇಲ್ಲ. ಎದ್ರುಕಂಡಿದ್ದು ನಾನು."

"ಇಷ್ಟು ವರ್ಸ ಯಾಕೆ ಯೋಳ್ಲಿಲ್ಲ?"

ಅಪ್ಪ ತನ್ನ ಬಲಗೈಯನ್ನು ನೋಡಿಕೊಂಡ. "ತಂತಿ ನನ್ ಕೈಗೂ ಎಟುಕ್ತಿತ್ತು" ಎಂದ.

ಇನ್ನು ಈ ಮನೆಯಲ್ಲಿ ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಇಷ್ಟಕ್ಕೆಲ್ಲ ನನ್ನ ಹಾಳು ಪುಸ್ತಕ ಕಾರಣ ಅನ್ನಿಸಿ ಹಾಳೆಗಳನ್ನು ಮಡಚಿಟ್ಟೆ.

"ಯಾಕೆ ಮಡಚ್ದೆ? ಮುಂದಕ್ಕೆ ಓದು" ಎಂದಳು ಅಮ್ಮ. "ಮಿಕ್ಕಿದ್ ಮೂರು ಜನ ಮನೆ ಸೇರುದ್ರಾ?"

ಮುಂದಿನ ಪುಟಗಳನ್ನು ನಾನಿನ್ನೂ ಕನ್ನಡ ಮಾಡಿಕೊಂಡಿರಲಿಲ್ಲ. ಇಂಗ್ಲಿಷಿನಲ್ಲೇ ಕಣ್ಣು ಓಡಿಸಿದೆ. ಕೇಜು ಬಂದು ಇಳಿಯಿತು, ಬಾಗಿಲು ತೆರೆಯಿತು, ಅವರ ಹೆಂಡಿರು ಮಕ್ಕಳು ಬಯಲಿನಲ್ಲಿ ಓಡಿ ಬಂದರು. ತಡವರಿಸಿಕೊಂಡು ಹಾಗೇ ಹೇಳಿದೆ.

ಅಮ್ಮ ಪೂರ್ತಿ ಕೇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಹೊಸ್ತಿಲು ದಾಟಿ, ಜಗಲಿಯ ಮೇಲೆ ಅಪ್ಪನ ಪಕ್ಕ ಕೂತಳು. "ನೀನಾದ್ರೂ ಬಂದ್ಯಲ್ಲ" ಎಂದಳು.