ಯಾನ್ ಮೇಷ್ಟ್ರ ಡ್ರಾಯಿಂಗ್ ಪಾಠ

ಡ್ರಾಯಿಂಗ್ ಮೇಷ್ಟ್ರು ಯಾನ್ ಮಾತಾಡುವ ಮೊದಲು, ಬರೆಯೋದಕ್ಕೇನೂ ಇಲ್ಲದಿದ್ದರೂ, ಬ್ಲೇಡಿನಿಂದ ಪೆನ್ಸಿಲ್ ಚೂಪು ಮಾಡುತ್ತಿದ್ದರು.

ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ನಮ್ಮ ಇಂಜಿನಿಯರಿಂಗ್ ಡಿಗ್ರಿಯ ಸಿಲಬಸ್ ಬದಲಾಯಿಸುವ ಸಭೆಗೆ ವಿದ್ಯಾರ್ಥಿಗಳನ್ನೂ ಕೂರಿಸುತ್ತಿದ್ದರು. ಆ ಸಲ ನನ್ನ ಸರದಿ. ಕಂಪ್ಯೂಟರ್ ಬಂದಮೇಲೆ ಕೈಯಲ್ಲಿ ಡ್ರಾಯಿಂಗ್ ಹಾಕೋ ಪಾಠ ಬೇಕಾ ಅನ್ನೋದು ಪ್ರಶ್ನೆ.

"ನೀನು ಹೇಳು," ಎಂದರು ಯಾನ್.

"ನೀವು ಹೇಗೆ ಹೇಳ್ತೀರೋ ಹಾಗೆ, ಸರ್."

ಎಲ್ಲರೂ ನಕ್ಕರು. "ಅದು ನನ್ನ ಪಾಠ ಕಣಮ್ಮ! ನಾನು ಬೇಕು ಅಂತಲೇ ಹೇಳೋದು."

ನನ್ನ ಮನಸ್ಸಲ್ಲಿದ್ದದ್ದು ಬೇಡ ಅಂತ. ಆದರೆ ನಾನು ಒಂದು ದಿನವೂ ತಪ್ಪಿಸದ ಕ್ಲಾಸೂ ಅದೊಂದೇ. ಮೇಷ್ಟ್ರ ಎದುರಿಗೇ ಅವರ ಪಾಠ ಬೇಡ ಅನ್ನೋದನ್ನ ಬೆಂಗಳೂರಿನ ಕಾನ್ವೆಂಟಲ್ಲಿ ಯಾರೂ ಕಲಿಸಿರಲಿಲ್ಲ.

ಯಾನ್ ಬ್ಲೇಡ್ ಕೆಳಗಿಟ್ಟರು. "ಈ ಸರ್ ಬಿಟ್ಟು ಯಾನ್ ಅಂತ ಕರೆದು, ಅನಿಸಿದ್ದು ಹೇಳಿಬಿಡು, ಪ್ಲೀಸ್."

ಎರಡರಲ್ಲಿ ಒಂದನ್ನೇ ಕೇಳಿದ್ದರೂ ಕಷ್ಟವೇ ಆಗುತ್ತಿತ್ತು. ನಾನು ಮೇಜಿನ ಮೇಲಿದ್ದ ಪೆನ್ಸಿಲ್ ಸಿಪ್ಪೆ ಒಟ್ಟುಮಾಡತೊಡಗಿದೆ.