ಅಕ್ಕೋರ ಪ್ರೋಟೀನ್ ಪಟ್ಟಿ

೧೯೯೧ರಲ್ಲಿ, ಏಳನೇ ತರಗತಿಗೆ, ನನ್ನ ಓದು ನಿಂತಿತು. ಆಮೇಲೆ ಕಿರವತ್ತಿ ಕಡೆ ಮರದ ಡಿಪೋದಲ್ಲಿ ನಾಟಾ, ಅಂದರೆ ಮರದ ದಿಮ್ಮಿ, ಹೊತ್ತೆ, ನಂಬರು ಕೂಗಿದೆ, ಕೊನೆಗೆ ಯಲ್ಲಾಪುರದಲ್ಲಿ ಸ್ವಂತ ಜೆರಾಕ್ಸ್ ಅಂಗಡಿ ಹಾಕಿದೆ. ಯಾರ ಶಿಫಾರಸೂ ಇಲ್ಲ.

ಆ ಅಂಗಡಿಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಅಕ್ಕೋರು ಒಂದೊಂದು ಸಾಲಿನ ಕೆಳಗೂ ತೋರುಬೆರಳು ಒತ್ತುತ್ತಿದ್ದರು. ಉಗುರು ರಕ್ತ ಇಳಿದು ಬೆಳ್ಳಗಾಗುತ್ತಿತ್ತು. ತುರುಬಿನಲ್ಲಿ ಹೂವಲ್ಲ, ಕೆಂಪು ಪೆನ್ಸಿಲ್. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುವುದು; ಇವರು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ, ನಿವೃತ್ತಿಯ ಹೊತ್ತಿಗೆ ಪಿಎಚ್‌ಡಿಗೆ ಕೂತವರು.

ಮೊದಲ ದಿನ ತಂದ ಕಾಗದದ ಕಟ್ಟುಗಳ ಮೇಲೆ ಕನ್ನಡದಲ್ಲಿ ಬರೆದಿತ್ತು: ಉಗುಳು, ಮೂತ್ರ, ಕಣ್ಣೀರು, ಎದೆಹಾಲು. ನನಗೆ ಸಂಶಯ ಬಂತು.

“ಯಾರದ್ದು ಅಕ್ಕೋರೇ ಇದೆಲ್ಲ? ನಮ್ಮೂರವ್ರದ್ದಾ?”

“ನಿಮ್ಮ ಮೂತ್ರ ತಗಂಡು ನಾ ಎಂತ ಮಾಡ್ಲಿ ಮಾರಾಯ್ರೇ!”

ಆಮೇಲೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಮೈಯ ಜೀವಕೋಶಗಳು ಕಣ್ಣಿಗೆ ಕಾಣದ ಸಣ್ಣ ಚೀಲಗಳನ್ನು ಹೊರಗೆ ಬಿಡುತ್ತವೆ, ಅವಕ್ಕೆ ಎಕ್ಸೋಸೋಮ್ ಎನ್ನುತ್ತಾರೆ. ಯಾವ ದ್ರವದ ಚೀಲದಲ್ಲಿ ಯಾವ ಪ್ರೋಟೀನ್ ಇದೆ ಎಂದು ದೇಶದೇಶದವರು ಕಂಪ್ಯೂಟರಿಗೆ ಸೇರಿಸಿಟ್ಟಿದ್ದಾರೆ. ಅದನ್ನೆಲ್ಲ ಇವರು ಒಂದು ಪಟ್ಟಿಗೆ ತರುತ್ತಿದ್ದಾರೆ.

“ಅವರು ಬರ್ದಿಟ್ಟಿದ್ದಾರಲ್ಲ, ನೀವು ಮತ್ತೆ ಬರೆಯೂದು ಎಂತಕ್ಕೆ?”

“ಬರ್ದಿಟ್ಟಿದ್ದಾರೆ ಅಂತ ನಂಬೂಕಾಗ್ತದಾ?”

ಆ ಮಾತಿಗೆ ಗೌರವ ಬಂತು. ಸಂಶಯ ಮಾತ್ರ ಹೋಗಲಿಲ್ಲ. ಕೆರಾಟಿನ್ ಎಂಬ ಹೆಸರು ಕಂಡಲ್ಲೆಲ್ಲ ಅಕ್ಕೋರು ಪೆನ್ಸಿಲ್ ಎಳೆದು ಗುರುತು ಹಾಕುತ್ತಿದ್ದರು. “ಇದು ಹೆಚ್ಚಿನ ಸಲ ಪ್ರಯೋಗ ಮಾಡಿದವನ ಚರ್ಮದ್ದು. ಕೈಗವಸು ಸರಿ ಹಾಕಿರೂದಿಲ್ಲ. ಕಳ್ಳ ಸಿಕ್ಕ, ನೋಡಿ!”

ಆರು ವರ್ಷ ಹೀಗೇ ನಡೆಯಿತು. ಪಿಎಚ್‌ಡಿಗೆ ವಿಶ್ವವಿದ್ಯಾಲಯ ಕೊಟ್ಟ ಅವಧಿ ಒಮ್ಮೆ ಮುಗಿದು, ಮತ್ತೆ ಕೇಳಿ ಪಡೆದದ್ದೂ ಒಂದು ಸೋಮವಾರಕ್ಕೆ ಮುಗಿಯುವುದಿತ್ತು. ಅದರ ಹಿಂದಿನ ಶುಕ್ರವಾರ ಅಂಗಡಿಗೆ ಬಂದರು. ಎರಡೂ ಕಣ್ಣಿಗೆ ಪೊರೆ. ಶಿರಸಿಯ ವೈದ್ಯರು ಆಪರೇಷನ್‌ಗೆ ದಿನ ಕೊಟ್ಟಿದ್ದರೂ ಇವರು ಮುಂದೂಡಿದ್ದರು. ಪಟ್ಟಿ ತಾಳೆ ನೋಡಲು ನನ್ನ ಕಣ್ಣು ಬೇಕಿತ್ತು.

ಇಂಗ್ಲಿಷ್ ಅಕ್ಷರ, ಅಂಕಿ ನನಗೆ ಬರುತ್ತವೆ. ಡಿಪೋದ ಪದ್ಧತಿಯಲ್ಲೇ ಮಾಡೋಣ ಎಂದೆ: ಒಬ್ಬ ಕೂಗಬೇಕು, ಇನ್ನೊಬ್ಬ ತಿರುಗಿ ಹೇಳಬೇಕು. ನಾನು ಕಾಗದ ನೋಡಿ ಕೂಗಿದೆ, ಅವರು ಲ್ಯಾಪ್‌ಟಾಪಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ತಿರುಗಿ ಹೇಳಿದರು. “ಪಿ, ಸೊನ್ನೆ, ಎರಡು, ಏಳು, ಆರು, ಎಂಟು.” ಸಾಲಿನ ಕೊನೆಯಲ್ಲಿ ಇನ್ನೈದು ಅಕ್ಷರ, ಎಚ್, ಯು, ಎಂ, ಎ, ಎನ್.

“ಬಾಲ ಬಿಡಿ. ಯಾವ ಜೀವಿದು ಅಂತ ಅಷ್ಟೇ ಅದು. ಎಲ್ಲಾ ಹ್ಯೂಮನ್ನೇ, ಮನುಷ್ಯರದ್ದೇ. ಹೊತ್ತು ಹೋಗ್ತದೆ.”

“ನಾಟಾಕ್ಕೆ ಎರಡೂ ತುದಿಗೆ ಸುತ್ತಿಗೆಯಲ್ಲಿ ಹೊಡೆದ ಗುರುತು ಇರ್ತದೆ ಅಕ್ಕೋರೇ. ಒಂದೇ ತುದಿ ನೋಡಿದ್ರೆ ಮರವೇ ಬದಲಾಗಿದ್ರೂ ಗೊತ್ತಾಗೂದಿಲ್ಲ.”

ಬಿಡಿ ಎಂದದ್ದಕ್ಕೇ ನನಗೆ ಅನುಮಾನ ಹೆಚ್ಚಿತು. ಬಿಡಲಿಲ್ಲ. ಎದೆಹಾಲಿನ ಕಟ್ಟಿನಲ್ಲಿ ಬಾಲ ಬೇರೆಯಾಯಿತು. “ಬಿ, ಓ, ವಿ, ಐ, ಎನ್.”

“ಎಂತ ಹೇಳಿದ್ರಿ?”

ಮತ್ತೆ ಕೂಗಿದೆ.

“ಅಯ್ಯೋ ದೇವ್ರೇ, ದನದ್ದು! ಹುಡುಕುವಾಗ ಮನುಷ್ಯ ಹೇಳಿ ಆರಿಸಿದ್ದೇ ಇಲ್ಲೆ ಆನು!” ಗಾಬರಿಗೆ ಮನೆಮಾತೇ ಬಂದುಬಿಟ್ಟಿತ್ತು: ಕಂಪ್ಯೂಟರಿನಲ್ಲಿ ಹುಡುಕುವಾಗ ಮನುಷ್ಯ ಎಂದು ಆರಿಸಲು ಮರೆತಿದ್ದರು.

ತಾಯಿಯ ಹಾಲಿನ ಹೆಸರಿನಲ್ಲಿ ಮೂರು ಪುಟ ದನದ ಹಾಲು. ಅಕ್ಕೋರು ತುರುಬಿನ ಪೆನ್ಸಿಲ್ ಎಳೆದು ಮೂರೂ ಪುಟಕ್ಕೆ ಅಡ್ಡಗೆರೆ ಹಾಕಿದರು. “ಲೋಕದವರ ಮೇಲೆಲ್ಲ ಸಂಶಯಪಟ್ಟೆ. ನನ್ನ ಕೈಕೆಲಸದ ಮೇಲೆ ಮಾತ್ರ ಪಡ್ಲಿಲ್ಲ ನೋಡಿ.”

ಶನಿವಾರ, ಭಾನುವಾರ ಅಂಗಡಿಗೆ ಬಾಗಿಲು ಹಾಕಿ, ಆ ಪುಟಗಳನ್ನು ಹೊಸದಾಗಿ ತೆಗೆದು, ಪ್ರತಿ ಸಾಲಿನ ಎರಡೂ ತುದಿ ಕೂಗಿದೆವು. ಸೋಮವಾರ ಪಟ್ಟಿ ವಿಶ್ವವಿದ್ಯಾಲಯ ಸೇರಿತು.

ಪದವಿ ಬಂದ ಮೇಲೆ ರಟ್ಟು ಹಾಕಿದ ಪುಸ್ತಕ ತಂದುಕೊಟ್ಟು, “ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಹಾಕಿದ್ದೇನೆ” ಎಂದರು. ಅಷ್ಟು ಇಂಗ್ಲಿಷ್ ನನಗೆ ಓದಲು ಬಾರದು. ಮುಖದ ಮುಂದೆ ಮರ್ಯಾದೆಗೆ ಹೇಳಿದ್ದೇ ಇರಬೇಕು ಎನಿಸಿತು. ಸುಮ್ಮನೆ ಹೂಂ ಎಂದೆ. ಆಮೇಲೆ ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಂದ, ಹೀಗೆ ಮೂವರಿಂದ ಆ ಪುಟ ಓದಿಸಿದೆ. ಮೂವರೂ ಒಂದೇ ಹೇಳಿದರು: ನನ್ನ ಹೆಸರು, ಅದರ ಮುಂದೆ, “ಪ್ರತಿ ಸಾಲಿನ ಎರಡೂ ತುದಿ ನೋಡಿದವರು.”

ಮೂರನೆಯವರು ಓದಿ ಹೇಳಿದ್ದು ಒಂದು ಗುರುವಾರ. ಭಾನುವಾರ ಅಕ್ಕೋರ ಮನೆಗೆ ಹೋಗಿ, ಓದಿಸಿದೆ ಎಂದು ಹೇಳಿ ಬರಬೇಕು ಎಂದುಕೊಂಡೆ. ಶನಿವಾರ ಬೆಳಿಗ್ಗೆ ಅವರು ತೀರಿಕೊಂಡರು.

ಈಗ ನನ್ನ ಹತ್ತಿರ ಒಂದು ಅಂಗಡಿ, ಎರಡು ಜೆರಾಕ್ಸ್ ಯಂತ್ರ, ಒಂದು ಪ್ರಿಂಟರ್, ಆ ಪುಸ್ತಕದ ಒಂದು ಪ್ರತಿ ಇವೆ.